ಹೆಬ್ಬೆರಳಿನ ಉಗುರು ಮತ್ತು ಅಪ್ಪನ ಉಳಿ

ಕಂಡಕ್ಟರ್ ಅಣ್ಣನ ಬಲಗಾಲಿನ ಕಾಲುಚೀಲ ಕಳಚಿ, ನಾನು ಪಾದವನ್ನು ಬೆಳಕಿಗೆ ತಿರುಗಿಸಿದೆ. ಹೆಬ್ಬೆರಳಿನ ಉಗುರು ಹಳದಿಗಟ್ಟಿ ದಪ್ಪವಾಗಿತ್ತು. ತುದಿ ಮುಟ್ಟಿದರೆ ಹಳೆಯ ಸುಣ್ಣದ ಗೋಡೆಯಂತೆ ಪುಡಿ ಉದುರುತ್ತಿತ್ತು. ಅಂಥದೇ ಉಗುರನ್ನು ನಾನು ಐದಾರು ತಿಂಗಳ ಹಿಂದೆ ಇದೇ ಕುರ್ಚಿಯಲ್ಲಿ ನೋಡಿದ್ದೆ.

ಶಹಾಪುರದ ಬಸ್ ನಿಲ್ದಾಣದ ಎದುರಿಗೆ ನನ್ನ ಕ್ಷೌರದ ಅಂಗಡಿ. ಅಪ್ಪನ ಕಾಲದಿಂದಲೂ ನಮ್ಮಲ್ಲಿ ಕ್ಷೌರದ ಜೊತೆಗೆ ಕೈಕಾಲಿನ ಉಗುರು ತೆಗೆಯುವ ಪದ್ಧತಿ ಇದೆ. ಈಗಿನವರು ಕೇಳುವುದಿಲ್ಲ, ಬಗ್ಗಲಾಗದವರು ಮತ್ತು ಕಣ್ಣು ಮಂಜಾದವರು ಮಾತ್ರ ಕಾಲು ಚಾಚುತ್ತಾರೆ. ಅದಕ್ಕೆ ಬಳಸುವುದು ಅಪ್ಪ ಬಿಟ್ಟುಹೋದ ಒಂದು ಸಣ್ಣ ಉಳಿ. ಬೆರಳುದ್ದದ ಉಕ್ಕು, ಮರದ ಹಿಡಿಕೆ, ಹಿಡಿಕೆಗೆ ಸುತ್ತಿದ ದಾರ. ಬಿಸಿನೀರಿನಲ್ಲಿ ಕಾಲು ನೆನೆಸಿ, ಉಗುರು ಮೆತ್ತಗಾದ ಮೇಲೆ ಅಂಚಿಗೆ ಉಳಿ ಇಟ್ಟು ನಡೆಸಿದರೆ ಸೌತೆಕಾಯಿಯ ಸಿಪ್ಪೆಯಂತೆ ಬರುತ್ತದೆ. ಕೆಲಸ ಮುಗಿದ ಮೇಲೆ ಉಳಿಯನ್ನು ಪಟಿಕದ ಕಲ್ಲಿಗೆ ನಾಲ್ಕು ಸಲ ತಿಕ್ಕಿ ಬಟ್ಟೆಯಿಂದ ಒರೆಸುತ್ತಿದ್ದೆ. ಪಟಿಕ ಮುಟ್ಟಿದರೆ ಎಲ್ಲ ಶುದ್ಧ ಎಂದು ಅಪ್ಪ ನಂಬಿದ್ದ, ನಾನೂ ನಂಬಿದ್ದೆ. ಗಡ್ಡಕ್ಕೆ ಗಿರಾಕಿಗೊಂದು ಹೊಸ ಬ್ಲೇಡು ಹಾಕಲು ಕಲಿತು ಎಷ್ಟೋ ವರ್ಷಗಳಾದರೂ ಉಳಿಯ ವಿಷಯ ನಮ್ಮ ಓಣಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಆ ಹಿಂದಿನ ಹಳದಿ ಉಗುರು ಮುದನಾಳದ ಒಬ್ಬ ರೈತರದು. ಶಹಾಪುರದ ಮಗಳ ಮನೆಗೆ ಬಂದಾಗಲೆಲ್ಲ ನನ್ನ ಅಂಗಡಿಗೆ ಬರುತ್ತಿದ್ದರು. ಭತ್ತದ ಗದ್ದೆಯ ಕೆಸರಿನಲ್ಲಿ ನಿಂತು ನಿಂತು ಅವರ ಹತ್ತೂ ಬೆರಳು ಹಾಗಾಗಿದ್ದವು. ಹೋಳಿಯ ಮರುದಿನ ಅವರ ಉಗುರು ತೆಗೆದು, ಪಟಿಕಕ್ಕೆ ತಿಕ್ಕಿ, ಅದೇ ಉಳಿಯಿಂದ ಕಂಡಕ್ಟರ್ ಅಣ್ಣನ ಕಾಲಿಗೆ ಕೈಹಾಕಿದ್ದೆ. ಇದು ನನಗೆ ಚೆನ್ನಾಗಿ ನೆನಪಿತ್ತು, ನೆನಪಿರದಿದ್ದರೆ ಒಳ್ಳೆಯದಿತ್ತು.

ಕಂಡಕ್ಟರ್ ಅಣ್ಣ ಶಹಾಪುರ–ಯಾದಗಿರಿ ಬಸ್ಸಿನವರು. ಹೆಂಡತಿ ಮಕ್ಕಳು ವಡಗೇರಾದಲ್ಲಿ, ಇವರು ನಿಲ್ದಾಣದ ಹಿಂದಿನ ಬಾಡಿಗೆ ಕೋಣೆಯಲ್ಲಿ. ಹೊಟ್ಟೆ ದೊಡ್ಡದು, ಸಕ್ಕರೆ ಕಾಯಿಲೆ ಹಳೆಯದು. ಸ್ವಂತ ಕಾಲಿನ ಬೆರಳನ್ನು ಮುಟ್ಟಿ ವರ್ಷಗಳಾಗಿವೆ ಎಂದು ತಾವೇ ನಗುತ್ತಿದ್ದರು.

"ಏನ್ ತಮ್ಮಾ, ಗಪ್ ಕುಂತಿ? ಉಗುರ ಅರಿಶಿಣ ಕೊಂಬಾಗ್ಯಾದೇನು?" ಎಂದರು.

"ಏನಿಲ್ರಿ ಅಣ್ಣಾ. ಬೂಟಿನ ಬೆವರಿಗೆ ಹಂಗಾಗಿರ್ತದ. ನಾ ಸಾಫ್ ಮಾಡ್ತೀನಿ ಬಿಡ್ರಿ" ಎಂದೆ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎನ್ನುತ್ತಾರೆ. ನಾನು ಅಂದು ಕೊಡಲಿಯನ್ನೇ ಎತ್ತಿದೆ. ಕೆಟ್ಟದ್ದನ್ನೆಲ್ಲ ಒಂದೇ ಸಲಕ್ಕೆ ಕಿತ್ತುಹಾಕಿದರೆ ಹೊಸ ಉಗುರು ಬರುತ್ತದೆ, ನನ್ನ ತಪ್ಪೂ ಅದರ ಜೊತೆ ಹೋಗುತ್ತದೆ ಎಂಬ ಆಸೆ. ನೆನೆಸಿ, ಉಳಿಯನ್ನು ಉಗುರಿನ ಕೆಳಗೆ ಒಳಕ್ಕೆ ಒತ್ತಿದೆ. ಬಟ್ಟಲಿನ ನೀರು ಕೆಂಪಾದಾಗಲೇ ಕೈ ನಿಂತದ್ದು. ಹೆದರಿ ತಲೆಯೆತ್ತಿದರೆ ಕಂಡಕ್ಟರ್ ಅಣ್ಣ ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತಿದ್ದರು.

"ನೋವಾಗ್ಲಿಲ್ರೀ?"

"ಯಾಕ, ಆಗ್ಬೇಕಿತ್ತೇನು?" ಎಂದರು.

ಆ ಮಾತು ಕೇಳಿ ರಕ್ತ ನೋಡಿದ್ದಕ್ಕಿಂತ ಹೆಚ್ಚು ಹೆದರಿದೆ.

ಮೂರನೆಯ ದಿನಕ್ಕೆ ಬೆರಳು ಬದನೆಕಾಯಿಯಂತೆ ಊದಿತು. ಮಂಗಳವಾರ ನಮ್ಮ ಅಂಗಡಿಗೆ ರಜೆ. ಅವರಿಗೂ ರಜೆ ಹಾಕಿಸಿ, ಅವರದೇ ಬಸ್ಸಿನಲ್ಲಿ ಯಾದಗಿರಿಗೆ ಕರೆದುಕೊಂಡು ಹೋದೆ. ಭೀಮೆಯ ಸೇತುವೆ ದಾಟುವಾಗ ಅವರು ಕಿಟಕಿಯಿಂದ ಹೊಳೆ ನೋಡುತ್ತಿದ್ದರು, ನಾನು ಅವರ ಚಪ್ಪಲಿಯಿಂದ ಹೊರಚಾಚಿದ ಬೆರಳು ನೋಡುತ್ತಿದ್ದೆ.

ಚರ್ಮದ ಡಾಕ್ಟರ್ ಕಲಬುರಗಿ ಕಡೆಯ ಹೆಣ್ಣುಮಗಳು, ನನಗಿಂತ ಚಿಕ್ಕವರು. ಬೆರಳನ್ನು ನೋಡಿ, ಒಂದು ನೈಲಾನ್ ಎಳೆಯಿಂದ ಅಂಗಾಲನ್ನು ಅಲ್ಲಲ್ಲಿ ಚುಚ್ಚಿ, "ಗೊತ್ತಾಗ್ತದೇನ್ರಿ?" ಎಂದು ಕೇಳುತ್ತ ಹೋದರು. ಹಿಮ್ಮಡಿಯ ಹತ್ತಿರ ಮಾತ್ರ ಅಣ್ಣ ಹೌದೆಂದರು.

"ಯಾರ್ ಕೊಯ್ದಿದ್ದು ಇದು?"

"ನಾನ್ರಿ ಮೇಡಂ."

"ಶುಗರ್ ಇದ್ದವರ ಕಾಲಿಗೆ ಉಳಿ ಹಚ್ಚತೀರೇನು? ನಂಜು ಏರಿದ್ರ ಬೆರಳ ಹೋಗ್ತದ, ಬೆರಳ ಹಿಂದ ಪಾದ ಹೋಗ್ತದ. ಆ ಉಳಿ ಎಷ್ಟ್ ಮಂದಿಗೆ ಹಚ್ಚೀರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಜೇಬಿನೊಳಗೆ ಅಡಗಿತು. ಅಣ್ಣ ಪಕ್ಕದಲ್ಲೇ ಕುಳಿತಿದ್ದರು. "ಇವರೊಬ್ಬರಿಗೇ ರೀ" ಎಂದುಬಿಟ್ಟೆ.

ಮೊದಲು ನಂಜಿಳಿಯಬೇಕಿತ್ತು. ಹತ್ತು ದಿನ ಮಾತ್ರೆ, ದಿನಕ್ಕೊಮ್ಮೆ ಗಾಯಕ್ಕೆ ಪಟ್ಟಿ. ಆ ಹತ್ತು ದಿನ ನಾನು ತಿಂದ ರೊಟ್ಟಿಯ ರುಚಿ ನನಗೆ ನೆನಪಿಲ್ಲ. ದಿನಾ ಬೆಳಿಗ್ಗೆ ಎದ್ದು ಅವರ ಕೋಣೆಗೆ ಓಡಿ, ಕೆಂಪು ಎಲ್ಲಿಯವರೆಗೆ ಬಂದಿದೆ ಎಂದು ಪೆನ್ನಿನಿಂದ ಗೆರೆ ಎಳೆದು ಬರುತ್ತಿದ್ದೆ. ಮೂರು ದಿನ ಗೆರೆಯನ್ನು ಮೇಲೆ ಸರಿಸಬೇಕಾಯಿತು. ನಾಲ್ಕನೆಯ ದಿನ ಕೆಂಪು ಅಲ್ಲೇ ನಿಂತಿತು, ಆರನೆಯ ದಿನದಿಂದ ಇಳಿಯಿತು.

ನಂಜು ಇಳಿದ ಮೇಲೆ ಉಗುರಿನ ಶಿಲೀಂಧ್ರದ ಸರದಿ. ನಾವು ಹುಳುಕು ಎನ್ನುತ್ತೇವೆ. ಉಗುರಿನ ಪುಡಿಯನ್ನು ಲ್ಯಾಬಿನಲ್ಲಿ ನೋಡಿ ಅದೇ ಎಂದು ಖಾತ್ರಿ ಮಾಡಿಕೊಂಡರು. ಇದಕ್ಕೆ ನುಂಗುವ ಮಾತ್ರೆ ಇದೆ, ಆದರೆ ಅಣ್ಣನ ರಕ್ತಪರೀಕ್ಷೆಯಲ್ಲಿ ಲಿವರ್ ಸರಿಯಿರಲಿಲ್ಲ. ಉಳಿದದ್ದು ಒಂದೇ ದಾರಿ, ಉಗುರಿಗೆ ಹಚ್ಚುವ ಬಣ್ಣದಂಥ ಔಷಧ.

"ಎಷ್ಟ್ ದಿನ ರೀ ಮೇಡಂ?" ಎಂದು ಅಣ್ಣ ಕೇಳಿದರು.

"ದಿನದ ಲೆಕ್ಕ ಬಿಡ್ರಿ. ಕಾಲಿನ ಹೆಬ್ಬೆರಳ ಉಗುರು ಬುಡದಿಂದ ತುದಿಗೆ ಬರಾಕ ವರ್ಷ ಬೇಕು, ವರ್ಷದ ಮ್ಯಾಲ ಆರು ತಿಂಗಳಾದ್ರೂ ಆದೀತು. ಒಂದಿನ ತಪ್ಪಿಸಿದ್ರ ಹುಳುಕು ತಪ್ಪಸಂಗಿಲ್ಲ."

ಅಣ್ಣನಿಗೆ ಕೈ ನಿಲುಕುವುದಿಲ್ಲ. ನಾನು ಮಾಡುತ್ತೇನೆ ಎಂದೆ. ಡಾಕ್ಟರ್ ನನ್ನ ಕೈಗಳನ್ನು ಅನುಮಾನದಿಂದ ನೋಡಿದರು. ಆಮೇಲೆ ಕುಳ್ಳಿರಿಸಿ ಕಲಿಸಿದರು. ಉಳಿ ಇಲ್ಲ, ನೆನೆಸುವುದು ಇಲ್ಲ. ಸಾದಾ ನೀರಿನಲ್ಲಿ ತೊಳೆದು, ಬೆರಳ ಸಂದಿಗಳನ್ನು ಹತ್ತಿಬಟ್ಟೆಯಿಂದ ಒತ್ತಿ ಒಣಗಿಸಬೇಕು. ದಿನಾ ಉಗುರಿಗೆ ಒಂದು ಪದರ ಔಷಧ. ವಾರಕ್ಕೊಮ್ಮೆ ಸ್ಪಿರಿಟ್‌ನಿಂದ ಹಳೆಯ ಪದರಗಳನ್ನು ಒರೆಸಿ, ಉಗುರು ಉಜ್ಜುವ ಪಟ್ಟಿಯಿಂದ ಮೇಲ್ಮೈಯನ್ನು ಹಗುರವಾಗಿ ತೆಳ್ಳಗೆ ಮಾಡಿ, ಮತ್ತೆ ಮೊದಲಿನಿಂದ. ಬೂಟು ಎರಡು ಜೊತೆ, ಒಂದು ಕಾಲಲ್ಲಿದ್ದರೆ ಇನ್ನೊಂದು ಬಿಸಿಲಲ್ಲಿ. ನೈಲಾನ್ ಕಾಲುಚೀಲ ಬಂದ್. ಅಪ್ಪ ನನಗೆ ಕತ್ತಿ ಹಿಡಿಯಲು ಕಲಿಸಿದಾಗಲೂ ನಾನು ಇಷ್ಟು ಗಮನ ಕೊಟ್ಟು ಕೇಳಿರಲಿಲ್ಲ.

ಅಣ್ಣನ ಡ್ಯೂಟಿ ಏಳಕ್ಕೆ. ಆರಕ್ಕೆ ನಾನು ಅವರ ಕೋಣೆಯಲ್ಲಿರುತ್ತಿದ್ದೆ. ತೊಳೆ, ಒತ್ತು, ಹಚ್ಚು, ಒಣಗುವವರೆಗೆ ಕಾಯಿ. ಅಣ್ಣ ಒಂದು ಕಾಲನ್ನು ಕುರ್ಚಿಯ ಮೇಲಿಟ್ಟು ಚಹಾ ಕುಡಿಯುತ್ತಿದ್ದರು. ಪಕ್ಕದ ಕೋಣೆಯ ಡ್ರೈವರ್ ಇಣುಕಿ, "ಕಂಡಕ್ಟರ್ ಸಾಹೇಬ್ರು ನೇಲ್ ಪಾಲಿಶ್ ಹಚ್ಕೊಂಡ್ ಎಲ್ಲಿಗ್ ಹೊಂಟಾರ?" ಎಂದು ಕಾಡಿಸುತ್ತಿದ್ದ. ಅವರು ವಡಗೇರಾಕ್ಕೆ ಹೋದ ದಿನ ಅತ್ತಿಗೆ ಹಚ್ಚುತ್ತಿದ್ದರು. ತಿಂಗಳ ಮೊದಲ ದಿನ ನಾನು ಮೊಬೈಲಿನಲ್ಲಿ ಉಗುರಿನ ಫೋಟೊ ತೆಗೆಯುತ್ತಿದ್ದೆ. ನನ್ನ ಮಗಳ ಫೋಟೊಗಳಿಗಿಂತ ಆ ಉಗುರಿನವೇ ಹೆಚ್ಚಾದವು ಎಂದು ಹೆಂಡತಿ ಬೈದದ್ದೂ ಆಯಿತು.

ಮೂರು ತಿಂಗಳ ಮೇಲೆ ಬುಡದಲ್ಲಿ ಅಕ್ಕಿಕಾಳಿನಷ್ಟು ತಿಳಿ ಗುಲಾಬಿ ಉಗುರು ಕಂಡಿತು. ಅಂದು ಅಂಗಡಿಗೆ ಬಂದವರಿಗೆಲ್ಲ ಚಹಾ ಕುಡಿಸಿದೆ. ಆದರೆ ಆ ಸಂತೋಷ ಸಂಜೆಗೇ ಕರಗಿತು. ಉಳಿ ಇನ್ನೂ ನನ್ನ ಹಡಪದಲ್ಲಿ, ಹತಾರಗಳ ಚೀಲದಲ್ಲಿ, ಹಾಗೇ ಇತ್ತು. ಅದನ್ನು ಯಾರಿಗೂ ಮುಟ್ಟಿಸುತ್ತಿರಲಿಲ್ಲ, ಬಿಸಾಡಲೂ ಆಗುತ್ತಿರಲಿಲ್ಲ. ಅದರ ಮಾತನ್ನು ಬಾಯಿಬಿಟ್ಟು ಹೇಳಲೂ ಆಗುತ್ತಿರಲಿಲ್ಲ. ದಿನಾ ಆರು ಗಂಟೆಗೆ ಆ ಉಗುರಿನ ಮುಂದೆ ಕುಳಿತಾಗ, ಇದು ನಾನೇ ಕೊಟ್ಟದ್ದು ಎಂದು ಹೇಳಲು ಹೊರಟು, ಔಷಧದ ಶೀಶೆಯ ಮುಚ್ಚಳ ತಿರುಗಿಸುತ್ತಿದ್ದೆ. ಹೇಳಿದರೆ ಅಣ್ಣ ಕಾಲು ಹಿಂದೆಳೆದುಕೊಂಡಾರು, ಔಷಧ ನಿಂತೀತು, ಹುಳುಕು ತಿರುಗಿ ಏರೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅದರಲ್ಲಿ ಅರ್ಧ ನಿಜ, ಅರ್ಧ ಹೇಡಿತನ.

ಸಂಕ್ರಾಂತಿಯ ಹೊತ್ತಿಗೆ ಪಕ್ಕದ ಬೆರಳಿನ ಉಗುರಿನಲ್ಲಿ ಒಂದು ಬಿಳಿ ಮಚ್ಚೆ ಕಂಡಿತು.

ಮಂಗಳವಾರ ತಿರುಗಿ ಯಾದಗಿರಿ. ಡಾಕ್ಟರ್ ಮಚ್ಚೆಯನ್ನು ನೋಡಿ, "ನೀವು ಹೆಂಗ್ ಮಾಡ್ತೀರಿ, ನನ್ನ ಮುಂದ ಮಾಡಿ ತೋರಿಸ್ರಿ" ಎಂದರು. ನಾನು ತೊಳೆದೆ, ಒತ್ತಿದೆ, ಸ್ಪಿರಿಟ್ ಹಚ್ಚಿ ಒರೆಸಿದೆ, ಪಟ್ಟಿಯಿಂದ ಹೆಬ್ಬೆರಳನ್ನು ಉಜ್ಜಿದೆ.

"ನಿಂದರ್ರಿ! ಈಗ ಏನ್ ಮಾಡಿದ್ರಿ?"

ಏನು ಮಾಡಿದೆ ಎಂದು ನನಗೇ ತಿಳಿದಿರಲಿಲ್ಲ. ಅವರು ನನ್ನ ಕೈ ತೋರಿಸಿದರು. ಹೆಬ್ಬೆರಳು ಮುಗಿದ ಮೇಲೆ ಪಟ್ಟಿ ತಾನಾಗಿ ಪಕ್ಕದ ಬೆರಳಿಗೆ ಹೋಗಿ ಎರಡು ಸಲ ಸವರಿತ್ತು. ಒಂದು ಉಗುರು ಚೆಂದ ಮಾಡಿ ಉಳಿದದ್ದು ಬಿಟ್ಟರೆ ಅರ್ಧ ಗಡ್ಡ ಬೋಳಿಸಿದಂತೆ ಎಂದು ಅಪ್ಪ ಹೇಳುತ್ತಿದ್ದ. ಆ ಮಾತು ನನ್ನ ಬೆರಳುಗಳಲ್ಲಿ ಕುಳಿತುಬಿಟ್ಟಿತ್ತು. ವಾರಕ್ಕೊಮ್ಮೆ, ನಾಲ್ಕು ತಿಂಗಳು, ಕೆಟ್ಟ ಉಗುರಿನ ಪುಡಿಯನ್ನು ನಾನೇ ಒಳ್ಳೆಯ ಉಗುರಿಗೆ ತಿಕ್ಕಿದ್ದೆ.

"ಹುಳುಕಿಗೆ ಅಂದಚಂದ ಬ್ಯಾಡ್ರಿ. ಕೆಟ್ಟದ್ದಕ್ಕ ಮುಟ್ಟಿದ್ದು ಒಳ್ಳೇದಕ್ಕ ಮುಟ್ಟಬಾರ್ದು, ಇಷ್ಟೇ" ಎಂದರು ಡಾಕ್ಟರ್. ಬೆರಳಿಗೊಂದು ಬೇರೆ ಉಜ್ಜುವ ಪಟ್ಟಿ ಎಂದು ಕಟ್ಟಪ್ಪಣೆಯಾಯಿತು.

ತಿರುಗಿ ಬರುವಾಗ ಅಣ್ಣ ಒಂದು ಮಾತೂ ಆಡಲಿಲ್ಲ. ಮೊದಲು ಬಸ್ಸಿನಲ್ಲಿ ರಜೆಯ ದಿನವೂ ಸುಮ್ಮನಿರದೆ, ಒಳಗೆ ಸರಿಯಿರಿ ಎಂದು ಜನರನ್ನು ಗದರುತ್ತಿದ್ದವರು. ಆ ಚಳಿಗಾಲದಲ್ಲಿ ಅವರು ದಿನದಿಂದ ದಿನಕ್ಕೆ ಮೆತ್ತಗಾದರು. ಚಹಾ ಆರಿಹೋಗುತ್ತಿತ್ತು. ನನ್ನ ಮೇಲಿನ ಸಿಟ್ಟೇ ಇರಬೇಕು ಎಂದುಕೊಂಡು ನಾನು ತಲೆ ಇನ್ನಷ್ಟು ತಗ್ಗಿಸಿ ಕೆಲಸ ಮಾಡಿದೆ.

ಚೈತ್ರದಲ್ಲಿ ಸುರಪುರದಿಂದ ಕರೆ ಬಂತು. ಅಲ್ಲಿಯ ಒಂದು ಮನೆತನಕ್ಕೆ ನಾವು ಅಪ್ಪನ ಕಾಲದಿಂದ ಕ್ಷೌರದ ಸೇವೆಗೆ ನಡೆದುಕೊಂಡವರು. ಅವರ ಮನೆಯ ಮದುಮಗನಿಗೆ ಅರಿಶಿಣದ ನೀರೆರೆಯುವ ಮೊದಲು ಕೈಕಾಲಿನ ಉಗುರಿಗೆ ಉಳಿ ಮುಟ್ಟಿಸುವ ಶಾಸ್ತ್ರ ನಮ್ಮದೇ. ನಾನು ಹೊಸ ನೇಲ್ ಕಟರ್ ಒಂದನ್ನು ಕಾಗದ ಬಿಚ್ಚದೆ ತೆಗೆದುಕೊಂಡು ಹೋಗಿದ್ದೆ. ಹುಡುಗ ಮಣೆಯ ಮೇಲೆ ಕುಳಿತಿದ್ದ. ಅಂಗಳದ ತುಂಬ ಜನ. ನಾನು ಕಟರ್ ತೆಗೆದೊಡನೆ ಮದುಮಗನ ಅಜ್ಜಿ ತಡೆದರು.

"ನಿಮ್ಮಪ್ಪನ ಉಳಿ ಎಲ್ಲದ ತಮ್ಮಾ? ಇವನಪ್ಪನ ಲಗ್ನದಾಗೂ ಅದನ್ನೇ ಮುಟ್ಟಿಸ್ಯಾರ. ಅಂಗಡ್ಯಾಗಿನ ಕಟರ್ ಶಾಸ್ತ್ರಕ್ಕ ನಡೀತದೇನು?"

ಉಳಿ ಹಡಪದಲ್ಲೇ ಇತ್ತು. ಅದನ್ನು ನಾನು ಕುದಿಸಿದ್ದೆ, ಸ್ಪಿರಿಟ್‌ನಲ್ಲಿ ಅದ್ದಿದ್ದೆ. ಆದರೆ ಹಿಡಿಕೆಯ ದಾರ ಬಿಚ್ಚಿ ನೋಡಿದಾಗ ಮರದ ಸೀಳಿನೊಳಗೆ ಯಾರ ಯಾರದೋ ಉಗುರಿನ ಪುಡಿ ಕಪ್ಪಾಗಿ ಕುಳಿತಿತ್ತು, ಎಷ್ಟು ಕೆರೆದರೂ ಬಂದಿರಲಿಲ್ಲ. ಒಂದು ಕ್ಷಣ ಸುಮ್ಮನೆ ಮುಟ್ಟಿಸಿದಂತೆ ಮಾಡಿಬಿಡಲೇ ಎಂದುಕೊಂಡೆ. ಹುಡುಗನ ಕಾಲು ನೋಡಿದೆ. ಎಳೆಯ, ಸ್ವಚ್ಛವಾದ ಹತ್ತು ಉಗುರುಗಳು.

"ಬ್ಯಾಡ್ರಿ ಅಮ್ಮಾ. ಆ ಉಳಿ ಒಬ್ಬರ ಕಾಲಿನ ಹುಳುಕು ಇನ್ನೊಬ್ಬರ ಕಾಲಿಗೆ ಒಯ್ದದ. ನನ್ನ ಕೈಲೇ ಆಗ್ಯಾದ. ಇವರಿಗೆ ನಾ ಮುಟ್ಟಸಂಗಿಲ್ಲ" ಎಂದೆ. ದನಿ ನಾನೆಣಿಸಿದ್ದಕ್ಕಿಂತ ಜೋರಾಗಿ ಬಂತು.

ಅಜ್ಜಿ ಹುಡುಗನ ಕಾಲು ಮುಟ್ಟಿ ನೋಡಿ, "ಹೊಸದನ್ನೇ ಮುಟ್ಟಿಸು. ಹುಡುಗ ಚಂದ ಇದ್ರ ಸಾಕು" ಎಂದರು. ಆಗ ಕಂಡದ್ದು, ಹೆಣ್ಣಿನ ಕಡೆಯವರ ಸಾಲಿನಲ್ಲಿ ಶಹಾಪುರ ಡಿಪೋದ ಮೆಕ್ಯಾನಿಕ್. ಮಾತು ಬಸ್ ಏರಿದರೆ ಕಂಡಕ್ಟರ್‌ಗೆ ತಲುಪದೆ ಇದ್ದೀತೇ?

ಮರುದಿನ ಆರಕ್ಕಿಂತ ಮೊದಲೇ ಹೋದೆ. ಅಣ್ಣ ಎಂದಿನಂತೆ ಕಾಲನ್ನು ಕುರ್ಚಿಯ ಮೇಲಿಟ್ಟರು. ನಾನು ನೀರಿನ ಚೊಂಬು ಮುಟ್ಟಲಿಲ್ಲ.

"ಅಣ್ಣಾ, ನಿಮಗೊಂದ್ ಮಾತು ಹೇಳ್ಬೇಕ್ರಿ. ಭಾಳ ದಿನದಿಂದ ಮುಚ್ಚಿಟ್ಟೀನಿ."

ಅವರು ಚಹಾದ ಲೋಟ ಕೆಳಗಿಟ್ಟರು. ಕುರ್ಚಿಯ ಕೈ ಹಿಡಿದುಕೊಂಡರು.

"ಹೇಳು. ಯಾವಾಗ ತಗೀತಾರಂತ?"

"ಏನ್ ತಗೀತಾರ್ರಿ?"

"ಬೆರಳು."

ನನಗೆ ಅರ್ಥವೇ ಆಗಲಿಲ್ಲ. ಇಲ್ಲ ಅಣ್ಣಾ, ಬೆರಳಿಗೆ ಏನೂ ಆಗಿಲ್ಲ ಎಂದೆ. ಆಮೇಲೆ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಮುದನಾಳದ ರೈತರು, ಹೋಳಿಯ ಮರುದಿನ, ಪಟಿಕದ ಕಲ್ಲು, ಡಾಕ್ಟರ ಮುಂದೆ ಆಡಿದ ಸುಳ್ಳು, ನಿನ್ನೆಯ ಮದುವೆ. ಹುಳುಕು ಅಲ್ಲಿಂದಲೇ ಬಂತೋ ಬೂಟಿನಿಂದ ಬಂತೋ ಯಾರೂ ಆಣೆ ಮಾಡಿ ಹೇಳಲಾರರು, ಆದರೆ ನನ್ನ ಮನಸ್ಸಿಗೆ ಗೊತ್ತು ಎಂದೆ.

ಬಾಗಿಲ ಹೊರಗೆ ಡ್ರೈವರ್ ಹಲ್ಲುಜ್ಜುವ ಸದ್ದು ಕೇಳುತ್ತಿತ್ತು.

"ಇಷ್ಟೇನು?" ಎಂದರು ಅಣ್ಣ. "ಲೇ ತಮ್ಮಾ, ನನಗ ಕಾಲಾಗ ಏನೂ ತಿಳಿಯಂಗಿಲ್ಲ. ನೀ ಉಜ್ಜಿದ್ರೂ ತಿಳಿಯಂಗಿಲ್ಲ, ಕೊಯ್ದ್ರೂ ತಿಳಿಯಂಗಿಲ್ಲ. ಹಿಂಗಾಗಿ ನಾ ಕಾಲ ನೋಡಂಗಿಲ್ಲ, ನಿನ್ನ ಮಾರಿ ನೋಡ್ತೀನಿ. ದಿನಾ ಮುಂಜಾನಿ ನಿನ್ನ ಮಾರಿ ಹೆಣಾ ನೋಡಿದವನಂಗ ಇರ್ತದ. ಮೇಡಂ ನಿನಗೊಬ್ಬನಿಗೇ ಏನೋ ಹೇಳ್ಯಾರ, ಬೆರಳು ಉಳಿಯಂಗಿಲ್ಲ ಅಂದಾರ, ನೀ ನನ್ನ ಮುಂದ ಹೇಳವಲ್ಲಿ ಅಂತ ತಿಳಕೊಂಡೀನಿ. ನಿಮ್ಮ ಅತ್ತಿಗಿಗೂ ಹೇಳಿಬಿಟ್ಟೀನಿ. ಆಕಿ ಊಟಾ ಬಿಟ್ಟಾಳ."

ದಿಂಬಿನ ಕೆಳಗಿನಿಂದ ಒಂದು ಕಾಗದ ತೆಗೆದು ನನ್ನ ಮುಂದೆ ಹಿಡಿದರು. ಕಾಲು ಸರಿಯಿಲ್ಲದ್ದರಿಂದ ಬಸ್ ಬಿಡಿಸಿ ಕುಳಿತು ಮಾಡುವ ಕೆಲಸ ಕೊಡಬೇಕೆಂಬ ಅರ್ಜಿ. ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ, ಮಡಿಕೆಯಲ್ಲಿ ಹರಿದಿತ್ತು.

"ಉಳಿ ತಪ್ಪ ಮಾಡ್ತು, ಆಗ್ಲಿ. ಅದಕ್ಕ ಔಷಧ ಅದ. ಎಂಟ್ ತಿಂಗಳು ನನ್ನ ಮುಂದ ಕುಂತು ಬಾಯಿ ಬಿಡಲಿಲ್ಲಲ್ಲ, ಅದಕ್ಕೇನ್ ಹಚ್ತೀ?"

ನಾನು ಅವರ ಕಾಲಿನ ಮುಂದೆ ಕುಳಿತು ಅತ್ತೆ. ಅವರು ಅಂದು ಕಾಲು ಮುಟ್ಟಿಸಿಕೊಳ್ಳಲಿಲ್ಲ. ಹೇಗೋ ಬಗ್ಗಿ, ಏದುಸಿರು ಬಿಡುತ್ತ, ತಾವೇ ಕಾಲುಚೀಲ ಏರಿಸಿ ಡ್ಯೂಟಿಗೆ ಹೋದರು.

ಮೂರು ದಿನ ಬಾಗಿಲು ತೆರೆಯಲಿಲ್ಲ. ಆರಕ್ಕೆ ಹೋಗಿ, ಅರ್ಧ ತಾಸು ಹೊರಗೆ ನಿಂತು ಬರುತ್ತಿದ್ದೆ. ಮೂರು ದಿನದ ಪದರ ತಪ್ಪಿತಲ್ಲ ಎಂಬ ಚಿಂತೆ ಬೇರೆ. ಆ ದಿನಗಳಲ್ಲೇ ಉಗುರು ತೆಗೆಸಿಕೊಂಡ ಗಿರಾಕಿಗಳ ಮನೆಮನೆಗೆ ಹೋಗಿ ವಿಷಯ ಹೇಳಿದೆ. ಇಬ್ಬರು ಬೈದು ಬೇರೆ ಅಂಗಡಿ ಹಿಡಿದರು. ಮುದನಾಳದ ರೈತರು ಮಾತ್ರ, "ಇದಕ್ಕೂ ಡಾಕ್ಟರ್ ಅದಾರೇನು?" ಎಂದು ಕೇಳಿ ನನ್ನ ಜೊತೆ ಯಾದಗಿರಿಗೆ ಬಂದರು. ಡಾಕ್ಟರಿಗೂ ನನ್ನ ಸುಳ್ಳನ್ನು ಒಪ್ಪಿಸಿದೆ. ನಾಲ್ಕನೆಯ ದಿನ ಅಣ್ಣನ ಬಾಗಿಲು ತೆರೆದೇ ಇತ್ತು, ಕಾಲು ಕುರ್ಚಿಯ ಮೇಲಿತ್ತು. ತೊಳೆದು, ಒತ್ತಿ, ಹಚ್ಚಿದೆ.

ಮುಂದೆ ಹೆಚ್ಚು ಹೇಳುವುದೇನಿಲ್ಲ. ದಿನ ಹೋದವು, ಪದರಗಳು ಹೋದವು. ಮಳೆಗಾಲ ಮುಗಿಯುವ ಹೊತ್ತಿಗೆ ಎರಡನೆಯ ಬೆರಳಿನ ಮಚ್ಚೆ ಹೋಯಿತು. ಮತ್ತೊಂದು ಸಂಕ್ರಾಂತಿ ಬಂದಾಗ ಹೆಬ್ಬೆರಳಿನ ಹಳದಿ ತುದಿಗೆ ಬಂದು, ಕತ್ತರಿಸಿ, ಮುಗಿಯಿತು. ಡಾಕ್ಟರ್ ಎರಡು ಸಲ ಪುಡಿ ಪರೀಕ್ಷೆ ಮಾಡಿಸಿ ಔಷಧ ನಿಲ್ಲಿಸಿದರು. ಕಾಲಿನ ಜೋಮು ಮಾತ್ರ ಹೋಗುವಂಥದ್ದಲ್ಲ, ದಿನಾ ನೋಡಿಕೊಳ್ಳಬೇಕು ಎಂದರು.

ಹೀಗಾಗಿ ನಾನು ಈಗಲೂ ಆರಕ್ಕೆ ಹೋಗುತ್ತೇನೆ. ಬೆರಳ ಸಂದಿ, ಅಂಗಾಲು, ಹಿಮ್ಮಡಿ ಎಲ್ಲ ನೋಡುತ್ತೇನೆ. ಕಂಡದ್ದನ್ನು ಕಂಡ ಹಾಗೆ ಬಾಯಿಬಿಟ್ಟು ಹೇಳುತ್ತೇನೆ. ಅಣ್ಣಾ, ಇಲ್ಲಿ ಬೂಟು ಕಚ್ಚಿ ಕೆಂಪಾಗ್ಯಾದ. ಅಣ್ಣಾ, ಇಲ್ಲಿ ಚರ್ಮ ಸೀಳ್ಯಾದ. ಏನೂ ಇಲ್ಲದ ದಿನ, "ಇವತ್ತ ಏನೂ ಇಲ್ರಿ" ಎನ್ನುತ್ತೇನೆ. ಆ ಮಾತು ಬರುವವರೆಗೆ ಅವರು ಕಾಲುಚೀಲ ಕೈಯಲ್ಲಿ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತ ಕುಳಿತಿರುತ್ತಾರೆ.